ಟರ್ಬೊ ಹಾಕಿದ ಬಲೆನೊ 1.6: 4800 ಆರ್‌ಪಿಎಂ ದಾಟಿದ್ರ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಂಗ) ಆಗ್ತದ. ಪಂಪೋ, ಇಂಜೆಕ್ಟರೋ?

ಸೇಡಂರೋಡ್_ಟರ್ಬೊ, ಕಲಬುರಗಿ

ಗಾಡಿ ಹಳೆ ಬಲೆನೊ ಸೆಡಾನ್, ಜಿ16ಬಿ ಎಂಜಿನ್, 1590 ಸಿಸಿ. ಪಿಸ್ಟನ್, ರಾಡ್ ಕಂಪನಿದೇ ಅವ. ಸಣ್ಣ ಟರ್ಬೊ, ಇಂಟರ್‌ಕೂಲರ್, ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಹೆಚ್ಚಿನ ಒತ್ತಡ) 0.7 ಬಾರ್. ಇಂಜೆಕ್ಟರ್ 3 ಬಾರ್‌ಗೆ ನಿಮಿಷಕ್ಕ 330 ಸಿಸಿದು. ಸ್ಟ್ಯಾಂಡ್‌ಅಲೋನ್ ಇಸಿಯು (ಬ್ಯಾರೆ ಹಾಕಿದ ಎಂಜಿನ್ ಕಂಪ್ಯೂಟರ್), ವೈಡ್‌ಬ್ಯಾಂಡ್ (ಹೊಗಿಯ ಆಕ್ಸಿಜನ್ ಅಳೆಯೋ ಸೆನ್ಸರ್) ಅದ. ರೈಲಿಗೆ (ಇಂಜೆಕ್ಟರಿಗೆ ಪೆಟ್ರೋಲ್ ಹಂಚೋ ಪೈಪ್) ಒತ್ತಡ ಕಾಯೋ ರೆಗ್ಯುಲೇಟರ್, ಟ್ಯಾಂಕಿಗೆ ರಿಟರ್ನ್ ಲೈನ್ ಅದ. ಟ್ಯಾಂಕಿನ ಪಂಪ್, ಅದರ ವೈರಿಂಗ್, ಫಿಲ್ಟರ್ ಇನ್ನೂ ಮುಟ್ಟಿಲ್ಲ.

3ನೇ ಗೇರಿನ್ಯಾಗ ಪೂರ್ತಿ ಒತ್ತಿದ್ರ 4800 ತನಕ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅಳತಿ; 1 ಅಂದ್ರ ಸಮಪ್ರಮಾಣ, ಕಡಿಮಿ ಇದ್ರ ಪೆಟ್ರೋಲ್ ಹೆಚ್ಚು) 0.81. ಅಲ್ಲಿಂದ ಮೆಲ್ಲಗ ಏರಿ 5600ಕ್ಕ 0.92. ಅಲ್ಲಿ ಡ್ಯೂಟಿ (ಇಂಜೆಕ್ಟರ್ ತೆರೆದಿರೋ ಸಮಯದ ಪಾಲು) 81%. ಮಧ್ಯಾಹ್ನದ ಬಿಸಿಲಾಗ ಇನ್ನೂ ಜಾಸ್ತಿ. ಎಲ್ಲಾರೂ ತಾಸಿಗೆ 255 ಲೀಟರಿನ ಪಂಪ್ ಒಗಿ ಅನ್ಲಿಕತ್ತಾರ. ಒಗೀಲೇನ್ರಿ?

ಬಹಮನಿ_ಬೂಸ್ಟ್, ಬೀದರ್

ಬ್ಯಾಡ್ರಿ, ಈಗ ಏನೂ ತಗೋಬ್ಯಾಡ್ರಿ. ಮೊದಲ ಕಾಲು ತೆಗೀರಿ. ಕಂಪನಿ ಪಿಸ್ಟನ್ ಮೇಲೆ ಬೂಸ್ಟ್ ಇದ್ದಾಗ 0.92 ಅಂದ್ರ ನಾಕಿಂಗ್ (ಸಿಲಿಂಡರಿನ್ಯಾಗ ಪೆಟ್ರೋಲ್ ತಾನಾಗೇ ಸಿಡಿಯೋದು) ಬಾಗಿಲಿಗೇ ಬಂದಂಗ. ರಿಂಗ್ ಕೂಡೋ ಜಾಗ ಮುರೀಲಿಕ್ಕೆ ಒಂದು ಪುಲ್ (ಪೂರ್ತಿ ಒತ್ತಿ ಓಡಿಸೋದು) ಸಾಕು. ಕಾರಣ ಸಿಗೋ ತನಕ ರೆವ್ ಲಿಮಿಟ್ 4700ಕ್ಕ ಇಡ್ರಿ. ಟೆಸ್ಟಿಗೆ ಅದರ ಮೇಲೆ ಹೋಗೋದಿದ್ರ ಲ್ಯಾಂಬ್ಡಾ 0.85 ಮುಟ್ಟಿದ ಕೂಡಲೇ ಬಿಡ್ರಿ.

ಲೆಕ್ಕ ನೋಡ್ರಿ. ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಒಂದು ಹಾರ್ಸ್‌ಪವರಿಗೆ ನಿಮಿಷಕ್ಕ ಸುಮಾರು 6.3 ಸಿಸಿ ಹಿಡೀತೀವಿ. ಈಗ ಬಂಕಿನ್ಯಾಗ ಸಿಗೋದು ಇ20 (20% ಎಥೆನಾಲ್ ಬೆರೆತ ಪೆಟ್ರೋಲ್). ಅದಕ್ಕ 7% ಹೆಚ್ಚು ಹರಿವು ಬೇಕು, ಅಂದ್ರ 6.7. ನಿಮ್ಮ ಸೆಟಪ್ 0.7 ಬಾರ್‌ಗೆ ಹೆಚ್ಚೂಕಡಿಮಿ 150 ಹಾರ್ಸ್‌ಪವರ್ ಕೊಡ್ತದ ಅಂತ ಇಟ್ಕೊಂಡ್ರ 1005 ಸಿಸಿ. ನಾಲ್ಕು ಇಂಜೆಕ್ಟರ್ ಪೂರ್ತಿ ತೆರೆದ್ರ 1320. ಭಾಗಿಸಿದ್ರ 76%, ಡೆಡ್ ಟೈಮ್ (ಇಂಜೆಕ್ಟರ್ ತೆರೆಯೋದಕ್ಕ ಆಗೋ ತಡ) 5% ಸೇರಿಸಿದ್ರ 81%. ನಿಮ್ಮ ಲಾಗ್ ಹೇಳೋದೂ ಅದನ್ನ. ಇಂಜೆಕ್ಟರ್ ಇನ್ನೂ ಮುಗದಿಲ್ಲ. ಇಸಿಯು ಸರಿಯಾದ ಟೈಮ್ ತೆರೆದು ಹಿಡದದ, ಆದ್ರ ರೈಲಿನ್ಯಾಗ ಇರಬೇಕಾದ ಪ್ರೆಷರ್ ಇಲ್ಲ ಅನ್ನೋದು ನನ್ನ ಅನುಮಾನ.

ಪ್ರೆಷರ್ ಗೇಜ್ ಇಲ್ಲದ ಈ ಮಾತು ಬರೀ ಅಂದಾಜು. 0–10 ಬಾರ್ ಸೆನ್ಸರ್ ರೈಲಿಗೆ ಹಚ್ಚಿ ಇಸಿಯುದಾಗೇ ಲಾಗ್ ಮಾಡ್ರಿ. 0.5ರಿಂದ 4.5 ವೋಲ್ಟಿನ ಸೆನ್ಸರ್ ಇದ್ರ 3.7 ಬಾರ್‌ಗೆ 1.98 ವೋಲ್ಟ್ ಬರಬೇಕು. ಮುಳ್ಳಿನ ಗೇಜೇ ಇದ್ರ ಬಾನೆಟ್ ಹೊರಗ, ಗ್ಲಾಸಿಗೆ ಟೇಪ್ ಹಚ್ಚಿ ಕೂಡಿಸ್ರಿ. ಪೆಟ್ರೋಲ್ ತುಂಬಿದ ಪೈಪ್ ಕ್ಯಾಬಿನ್ ಒಳಗ ಯಾವತ್ತೂ ತರಬ್ಯಾಡ್ರಿ.

ಐಡಲ್‌ದಾಗ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಮ್ಯಾನಿಫೋಲ್ಡ್ ಕಡೆ ಬಾಯಿ ಮುಚ್ಚಿದ್ರ 3.0 ಬಾರ್ ಬರಬೇಕು. ಪೈಪ್ ವಾಪಸ್ ಹಾಕಿ ಬೂಸ್ಟಿಗೆ ಹೋದ್ರ ಬೂಸ್ಟ್ ಏರಿದಷ್ಟೇ ಇದೂ ಏರಬೇಕು, 0.7ಕ್ಕ 3.7. ಪ್ರೆಷರ್ ನೆಟ್ಟಗೆ ನಿಂತು ಡ್ಯೂಟಿ 90% ದಾಟಿದ್ರ ಇಂಜೆಕ್ಟರ್ ಸಣ್ಣದು. ಬೂಸ್ಟ್ ಶುರು ಆದಾಗಿಂದಲೇ 3.0ಕ್ಕ ಅಂಟಿಕೊಂಡ್ರ ರೆಗ್ಯುಲೇಟರಿಗೆ ಬೂಸ್ಟ್ ಸಿಗೋದಿಲ್ಲ: ಪೈಪ್ ಸೀಳಿರ್ತದ, ಬಿಚ್ಚಿರ್ತದ, ಇಲ್ಲಾ ಟರ್ಬೊಗಿಂತ ಮೊದಲಿನ ಗಾಳಿ ಪೈಪಿನಿಂದ ತಗೊಂಡಿರ್ತಾರ. 3.7 ತನಕ ಚೆನ್ನಾಗಿ ಏರಿ ಮೇಲಿನ ಆರ್‌ಪಿಎಂಗೆ ಕುಸಿದ್ರ ಹಿಂದಿಂದ ಬರೋ ಪೆಟ್ರೋಲೇ ಸಾಲದು.

ಶಹಾಪುರ_ಸ್ಪಾರ್ಕ್, ಯಾದಗಿರಿ

ಒಂದು ಮಾತು ಸೇರಿಸುತ್ತೇನೆ. ಕಿಡಿ ತಪ್ಪಿದರೂ ವೈಡ್‌ಬ್ಯಾಂಡ್ ಲೀನ್ ಎಂದೇ ತೋರಿಸುತ್ತದೆ, ಏಕೆಂದರೆ ಅದು ಅಳೆಯುವುದು ಉಳಿದ ಆಕ್ಸಿಜನ್ನನ್ನು, ಪೆಟ್ರೋಲನ್ನಲ್ಲ. ವ್ಯತ್ಯಾಸ ಗ್ರಾಫಿನ ಆಕಾರದಲ್ಲಿದೆ. ಕಿಡಿ ಆರಿದರೆ ಗಾಡಿ ಜರ್ಕ್ ಹೊಡೆದು ಲ್ಯಾಂಬ್ಡಾ ಚೂಪಾಗಿ ಮೇಲೆ ಹಾರಿ ಕೂಡಲೇ ಇಳಿಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ದಿಬ್ಬ ಹತ್ತಿದಂತೆ ನಿಧಾನ ಏರಿಕೆ. ನಿಮ್ಮದು ಎರಡನೆಯದು. ಆದರೂ ಪ್ಲಗ್ ಗ್ಯಾಪ್ 0.65–0.7 ಮಿಮೀಗೆ ತಂದುಬಿಡಿ, ಖರ್ಚಿಲ್ಲದ ಕೆಲಸ.

ಇನ್ನೊಂದು, ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಅಂಕಿ ಬಿಟ್ಟು ಲ್ಯಾಂಬ್ಡಾದಲ್ಲೇ ನೋಡುವುದು ಸರಿ. ಇ20ಗೆ ಸಮಪ್ರಮಾಣ ಸುಮಾರು 13.5, ಆದರೆ ಮೀಟರ್ ಹಳೆಯ 14.7 ಹಿಡಿದೇ ಗುಣಿಸಿ ತೋರಿಸುತ್ತದೆ.

ಸೇಡಂರೋಡ್_ಟರ್ಬೊ, ಕಲಬುರಗಿ

ಸೆನ್ಸರ್ ಹಚ್ಚೀನ್ರಿ. ಪೈಪ್ ಕಿತ್ತಾಗ ಐಡಲ್ 3.0. ಬೂಸ್ಟಿಗೆ 3.7 ಬರ್ತದ, 4800 ತನಕ ಅಲ್ಲೇ ನಿಲ್ತದ. ಅಲ್ಲಿಂದ ಇಳ್ಕೋತ ಹೋಗಿ 5600ಕ್ಕ 3.0. ಗ್ಯಾಪ್ 0.7 ಮಾಡೀನಿ, ಅದರಿಂದ ಏನೂ ಫರಕ್ ಬಿದ್ದಿಲ್ಲ.

ಬಹಮನಿ_ಬೂಸ್ಟ್, ಬೀದರ್

ಹಂಗಾದ್ರ ದಾರಿ ಒಂದೇ ಉಳೀತು. 3.0ದಾಗ 0.7 ಬೂಸ್ಟ್ ಕಳೆದ್ರ ಇಂಜೆಕ್ಟರಿಗೆ ಸಿಗೋ ಒತ್ತಡ 2.3. ಹರಿವು ಒತ್ತಡದ ವರ್ಗಮೂಲದ ಹಂಗ ನಡೀತದ: 2.3 ಭಾಗ 3, ವರ್ಗಮೂಲ ತೆಗೆದ್ರ 0.876. 0.81ನ್ನ 0.876ರಿಂದ ಭಾಗಿಸ್ರಿ, 0.92. ನಿಮ್ಮ ಲೀನ್ ಪೂರಾ ಪ್ರೆಷರ್ ಕುಸಿತದ್ದೇ, ಅದಕ್ಕ ಇಸಿಯುದಾಗಿನ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋ ಪಟ್ಟಿ) ಮುಟ್ಟಬ್ಯಾಡ್ರಿ. ಅಲ್ಲಿ ಫ್ಯೂಯಲ್ ಸೇರಿಸಿ ಮುಚ್ಚಿದ್ರ ನಾಳೆ ಪಂಪ್ ಇನ್ನಷ್ಟು ಸೋತಾಗ ಮತ್ತ ಇದೇ ಹಾಡು.

ಈಗ ಪಂಪಿನ ವೋಲ್ಟೇಜ್. ಮಲ್ಟಿಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಕರಿ ಕಡ್ಡಿ ಪಂಪಿನ ಪಾಸಿಟಿವ್‌ಗೆ, ಪಂಪ್ ಓಡ್ತಿರುವಾಗ. ಬರೋ ಅಂಕಿ ಪಾಸಿಟಿವ್ ವೈರ್ ತಿನ್ನೋ ವೋಲ್ಟ್. ಆಮೇಲೆ ಪಂಪಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೂ ಹಂಗೇ ನೋಡ್ರಿ. ಈ ಕಡೀದು ಭಾಳ ಮಂದಿ ನೋಡೋದೇ ಇಲ್ಲ. ಎರಡೂ ಕೂಡಿ ಅರ್ಧ ವೋಲ್ಟ್ ಒಳಗ ಇರಬೇಕು.

ಆಮೇಲೆ ಅಳತಿ. ಎಂಜಿನ್ ಆರಿಸಿ, ಪಂಪ್ ಫ್ಯೂಸ್ ತೆಗೆದು ಸೆಲ್ಫ್ ಹೊಡೆದು ಲೈನಿನ ಪ್ರೆಷರ್ ಇಳಿಸ್ರಿ. ರಿಟರ್ನ್ ಪೈಪ್ ಬಿಚ್ಚಿ ಗೆರೆ ಇರೋ ಕಬ್ಬಿಣದ ಕ್ಯಾನಿಗೆ ಇಳಿಬಿಡ್ರಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಬಾಯಿಗೆ ಸೈಕಲ್ ಪಂಪಿನಿಂದ 0.7 ಬಾರ್ ಗಾಳಿ ಕೊಡ್ರಿ, ಗಾಡಿ ನಿಂತಲ್ಲೇ ರೈಲಿನ್ಯಾಗ 3.7 ಸಿಗ್ತದ. ಇನ್ನೊಂದು ಓಡೋ ಗಾಡಿಯಿಂದ ಜಂಪ್ ಕೇಬಲ್ ಕೊಟ್ಟು 13.8 ವೋಲ್ಟ್ ಇಡ್ರಿ, ಬರೀ ಬ್ಯಾಟರಿ ಮೇಲೆ ಅಳದ್ರ ಸುಳ್ಳು ಅಂಕಿ ಬರ್ತದ. ಆ ಗಾಡಿ ಕೇಬಲ್ ಮುಟ್ಟೋ ಅಷ್ಟು ದೂರ ಇರ್ಲಿ. ರಿಲೇನ ಫ್ಯೂಸ್ ಡಬ್ಬಿ ಕಡಿಂದ ಚಾಲೂ ಮಾಡ್ರಿ, ಕ್ಯಾನ್ ಹತ್ರ ಯಾವ ವೈರನ್ನೂ ತಾಗಿಸಬ್ಯಾಡ್ರಿ. 30 ಸೆಕೆಂಡ್ ಬಿಟ್ಟು ದುಪ್ಪಟ್ಟು ಮಾಡ್ರಿ. ಬಯಲಾಗ, ಬೆಳಗಿನ ತಂಪಿನ್ಯಾಗ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕಕ್ಕ ಇಟ್ಕೊಂಡು. ಮೇ ತಿಂಗಳ ನಮ್ಮ ಕಡೆ ಮಧ್ಯಾಹ್ನಕ್ಕ ಪೆಟ್ರೋಲ್ ಕ್ಯಾನಿನ್ಯಾಗ ನಿಲ್ಲೋದೇ ಇಲ್ಲ.

ಒಂದು ಸಲ ಟ್ಯಾಂಕಿನ ಮುಚ್ಚಳ ತೆಗೆದೂ ಅಳೀರಿ. ಆವಾಗ ಅಂಕಿ ಏರಿದ್ರ ಗಾಳಿ ಹೋಗೋ ದಾರಿ ಕಟ್ಟಿರ್ತದ.

ಸೇಡಂರೋಡ್_ಟರ್ಬೊ, ಕಲಬುರಗಿ

ಪಾಸಿಟಿವ್ ಕಡೆ 1.6, ಅರ್ಥಿಂಗ್ ಕಡೆ 0.7 ವೋಲ್ಟ್ ಹೋಗ್ತದ. ಬ್ಯಾಟರಿ 13.9 ಇದ್ರ ಪಂಪಿಗೆ 11.6. 3.7 ಬಾರ್‌ಗೆ 30 ಸೆಕೆಂಡಿಗೆ 410 ಎಂಎಲ್. ಗಾಳಿ ಬಿಟ್ಟು 3.0ಕ್ಕ ಅಳದ್ರ 440. ಮುಚ್ಚಳ ತೆಗೆದ್ರೂ ಅಷ್ಟೇ.

ಬಹಮನಿ_ಬೂಸ್ಟ್, ಬೀದರ್

440ರ ದುಪ್ಪಟ್ಟು 880. 1005ಕ್ಕ 0.876 ಗುಣಿಸಿದ್ರೂ 880. ಹಿಡಿದ ಕಳ್ಳ ಇವನೇ.

2.3 ವೋಲ್ಟ್ ದಾರಿಯಾಗೇ ಕರಗ್ತದ. ಇದೇ ವೈರಿಗೆ 255 ಪಂಪ್ ಹಚ್ಚಿದ್ರ ಅದು ಇನ್ನೂ ಹೆಚ್ಚು ಆಂಪಿಯರ್ ಎಳೀತದ, ವೋಲ್ಟ್ ಇನ್ನೂ ಬೀಳ್ತದ, ಕನೆಕ್ಟರ್ ಕರಗೋದೂ ಅದ. ಮ್ಯಾಲ ಹಳೆ ರೆಗ್ಯುಲೇಟರ್, ಸಣ್ಣ ರಿಟರ್ನ್ ಪೈಪ್ ಅಷ್ಟು ಪೆಟ್ರೋಲ್ ವಾಪಸ್ ಬಿಡಲಾರದೆ ಐಡಲ್‌ದಾಗೇ ಪ್ರೆಷರ್ 3 ದಾಟಿ ಏರ್ತದ. ಆನ್‌ಲೈನ್‌ದಾಗ 255 ಅಂತ ಬರೆದ ಅಗ್ಗದ ಪಂಪಿನ್ಯಾಗ ನಕಲಿ ಮಾಲೂ ಭಾಳ.

ವೈರಿಂಗ್ ಹಿಂಗ ಮಾಡ್ರಿ. ಬ್ಯಾಟರಿಯಿಂದ 4 ಚದರ ಮಿಮೀ ತಾಮ್ರದ ವೈರ್, ಬ್ಯಾಟರಿಯಿಂದ ಒಂದು ಗೇಣಿನೊಳಗ 20 ಆಂಪ್ ಫ್ಯೂಸ್, ಡಿಕ್ಕಿಯೊಳಗ ರಿಲೇ. ರಿಲೇನ 30 ನಂಬರ್ ಪಿನ್ನಿಗೆ ಈ ವೈರ್, 87ರಿಂದ ಪಂಪಿಗೆ, 86ಕ್ಕ ಹಳೆ ಪಂಪಿನ ಪಾಸಿಟಿವ್, 85 ಅರ್ಥಿಂಗ್. ಹಳೆ ವೈರ್ ರಿಲೇನ ಎಬ್ಬಿಸ್ಲಿಕ್ಕೆ ಅಷ್ಟೇ. ಅದನ್ನ ಬಿಟ್ಟು ಇಗ್ನಿಷನ್‌ಗೆ ನೇರ ಕೊಡಬ್ಯಾಡ್ರಿ, ಗಾಡಿ ಗುದ್ದಿ ಎಂಜಿನ್ ನಿಂತ್ರೂ ಪಂಪ್ ಓಡ್ಕೋತೇ ಇರ್ತದ. ಪಂಪಿನ ಅರ್ಥಿಂಗಿಗೂ ಅದೇ ದಪ್ಪದ ವೈರ್. ಬಾಡಿ ಮೇಲಿನ ಪೇಂಟ್ ಕೆರೆದು ಬೋಲ್ಟ್ ಬಿಗೀರಿ.

ಜೊತಿಗೆ ಫಿಲ್ಟರ್ ಬದಲಿ ಮಾಡ್ರಿ, ಪಂಪಿನ ಕೆಳಗಿನ ಜಾಳಿಗಿನೂ. ಇ20 ಹಳೆ ಟ್ಯಾಂಕಿನ ಜಿಡ್ಡು ಬಿಡಿಸಿ ತಂದು ಅಲ್ಲೇ ಕೂಡಿಸ್ತದ. ಟ್ಯಾಂಕ್ ಒಳಗಿನ ರಬ್ಬರ್ ಪೈಪ್ ಉಬ್ಬಿದ್ದು, ಮೆತ್ತಗಾದ್ದು ಕಂಡ್ರ ಅದನ್ನೂ ತೆಗೀರಿ; ಹಾಕೋದು ಟ್ಯಾಂಕಿನೊಳಗ ಮುಳುಗಿಸೋ ದರ್ಜೆದೇ ಇರಬೇಕು. ಸಾದಾ ಪೈಪ್ ಒಳಗ ಮುಳುಗಿದ್ರ ಬಾಳಿಕಿ ಬರೋದಿಲ್ಲ.

ಸೇಡಂರೋಡ್_ಟರ್ಬೊ, ಕಲಬುರಗಿ

ವೈರಿಂಗ್ ಆದ ಮ್ಯಾಲ ಪಂಪಿಗೆ 13.5 ವೋಲ್ಟ್, 3.7 ಬಾರ್‌ಗೆ 545 ಎಂಎಲ್. ಫಿಲ್ಟರ್, ಜಾಳಿಗಿ ಹಾಕಿದ ಮ್ಯಾಲ 600. ಜಾಳಿಗಿ ಕರ್ರಗ ಎಣ್ಣಿ ಮೆತ್ತಿದಂಗ ಇತ್ತು. ಪುಲ್ ಮಾಡಿದ್ರ 6200 ತನಕ 3.7 ಅಲುಗಾಡ್ಲಿಲ್ಲ, ಲ್ಯಾಂಬ್ಡಾ 0.80–0.82. ಮಧ್ಯಾಹ್ನನೂ ನೋಡೀನಿ, ಅಷ್ಟೇ. ಭಾಳ ಉಪಕಾರ ಆತ್ರಿ ಅಣ್ಣಾರ. ಈಗ 1 ಬಾರ್‌ಗೆ ಏರಿಸಬಹುದಾ?

ಬಹಮನಿ_ಬೂಸ್ಟ್, ಬೀದರ್

ಪೆಟ್ರೋಲಿನ ಲೆಕ್ಕದಾಗೇ ಆಗೋದಿಲ್ಲ. 1 ಬಾರ್‌ಗೆ 175 ಅಂತ ಹಿಡೀರಿ, ಸುಮಾರು 1170 ಸಿಸಿ ಬೇಕು. 330ರ ಇಂಜೆಕ್ಟರಿಗೆ ಅದು ಡೆಡ್ ಟೈಮ್ ಸೇರಿ 94%. ಪಂಪ್ 3.7ಕ್ಕ 1200 ಕೊಡ್ತದ, ಆದ್ರ 1 ಬಾರ್ ಬೂಸ್ಟಿಗೆ ರೈಲ್ 4.0 ಕೇಳ್ತದ, ಅಲ್ಲಿ ಇನ್ನೂ ಇಳೀತದ. 440ರ ಇಂಜೆಕ್ಟರ್ ಹಾಕಿದ್ರ ಡ್ಯೂಟಿ 72%ಕ್ಕ ಬರ್ತದ, ಅದರ ಜೊತಿಗೆ ಅಸಲಿ ದೊಡ್ಡ ಪಂಪ್. ವೈರಿಂಗ್ ಈಗ ತಯಾರದ, ಅದು ದಂಡ ಆಗೋದಿಲ್ಲ. ಕಂಪನಿ ಪಿಸ್ಟನ್ ಮೇಲೆ ಮಾತ್ರ ನಾ 0.7 ದಾಟು ಅಂತ ಹೇಳೋದಿಲ್ಲ.

ಶಹಾಪುರ_ಸ್ಪಾರ್ಕ್, ಯಾದಗಿರಿ

ಸೆನ್ಸರ್ ಹೇಗೂ ಕೂತಿದೆಯಲ್ಲ, ಬಿಚ್ಚಬೇಡಿ. ಇಸಿಯುನಲ್ಲಿ ಒಂದು ಕಟ್ ಹಾಕಿ: ಬೂಸ್ಟ್ 0.3 ಬಾರ್ ದಾಟಿದಾಗ ರೈಲ್ ಪ್ರೆಷರಿನಿಂದ ಬೂಸ್ಟ್ ಕಳೆದ ಅಂಕಿ 2.7ಕ್ಕಿಂತ ಕೆಳಗೆ 0.2 ಸೆಕೆಂಡ್ ನಿಂತರೆ ಫ್ಯೂಯಲ್ ಪೂರ್ತಿ ಕಟ್. ನಾಲ್ಕೂ ಸಿಲಿಂಡರಿಗೆ ಒಟ್ಟಿಗೇ ನಿಲ್ಲಬೇಕು. ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿದ್ದು ತಿರುವಿನಲ್ಲಿ ಪಂಪ್ ಗಾಳಿ ಎಳೆದರೂ ಇದೇ ಕಟ್ ಕಾಯುತ್ತದೆ.