ಬುತ್ತಿ: ಕಟ್ಟುವುದೋ, ಕಲಿಸುವುದೋ?

ಹೋದ ರವಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ನಮ್ಮ ಮನೆಯಾಕೆ ಸೊಸೆಗೆ ಒಂದು ಮಾತು ಹೇಳಿ ಅಡ್ಡಾದಳು: "ಅನ್ನ ಭಾಳ ಉಳದೈತಿ. ಬುತ್ತಿ ಕಲಿಸಿ ಇಡವಾ, ಸಂಜಿಮುಂದ ಉಂಡ್ರಾತು." ಸೊಸೆ ಮಂಡ್ಯದ ಕಡೆಯವಳು. ಧಾರವಾಡಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಅರ್ಧ ತಾಸು ಬಿಟ್ಟು ನಾನು ನೀರು ಕುಡಿಯಲು ಒಳಗೆ ಹೋದರೆ, ಟಿಫನ್ ಕ್ಯಾರಿಯರಿನ ಮೂರೂ ಡಬ್ಬಿ ತೊಳೆದು ಒರೆಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಒಂದರಲ್ಲಿ ಅನ್ನ, ಒಂದರಲ್ಲಿ ಸಾರು. ಮೂರನೆಯದಕ್ಕೆ ಬದನೆಕಾಯಿ ಪಲ್ಯ ತುಂಬುತ್ತ, "ಮಾವ, ಊರಿಗೆ ಹೊರಟಿರೋದು ಯಾರು?" ಎಂದು ಕೇಳಿದಳು.

ಯಾರೂ ಹೊರಟಿರಲಿಲ್ಲ. ನಮ್ಮಾಕೆ ಹೇಳಿದ್ದು ಮೊಸರು ಕಲಿಸಿದ ಅನ್ನದ ಮಾತು. (ನಮ್ಮ ಕಡೆ ಕಲಿಸು ಅಂದರೆ ಕಲಸು ಅಂತಲೂ ಹೌದು.)

ಸೊಸೆಯದು ತಪ್ಪು ಅನ್ನುವಂತಿಲ್ಲ. ಬುತ್ತಿ ಅಂದರೆ ದಾರಿಗೆ, ಹೊಲಕ್ಕೆ, ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಊಟ. ಇದು ಕನ್ನಡ ನಾಡಿನ ಎಲ್ಲ ಕಡೆಗೂ ಗೊತ್ತಿರುವ ಅರ್ಥ. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?" ಎಂಬ ಗಾದೆಯಲ್ಲಿರುವುದೂ ಅದೇ. ಆ ಬುತ್ತಿಯೊಳಗೆ ರೊಟ್ಟಿ ಇದ್ದೀತು, ಮುದ್ದೆ ಇದ್ದೀತು, ಗಾದೆಗೆ ಅದರ ಗೊಡವೆ ಇಲ್ಲ. ಆದರೆ ನಮ್ಮ ಕಡೆ ಇದೇ ಪದಕ್ಕೆ ಇನ್ನೊಂದು ಅರ್ಥ ಗಟ್ಟಿಯಾಗಿ ನಿಂತಿದೆ: ಮೊಸರಬುತ್ತಿ. ಹಿಂದಿನ 'ಮೊಸರ' ಬಿಟ್ಟು ಬರೀ ಬುತ್ತಿ ಅಂದರೂ ಅದೇ. ನನ್ನ ಪ್ರಶ್ನೆ ಇರುವುದು ಈ ಎರಡು ಅರ್ಥಗಳ ನಡುವಿನ ಹಾದಿಯ ಬಗ್ಗೆ.

ಮೊದಲು ಮೂಲ. ಸಂಸ್ಕೃತದ ಭುಕ್ತಿ ಕನ್ನಡದ ಬಾಯಲ್ಲಿ ಬುತ್ತಿಯಾಯಿತು. ಮಹಾಪ್ರಾಣ ಇಳಿಯಿತು, ಕ್ತ ಹೋಗಿ ತ್ತ ಬಂತು. ಮುಕ್ತಾ ಮುತ್ತಾದ ಹಾಗೆ. ಇಂಥ ರೂಪಗಳಿಗಾಗಿಯೇ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣದೊಳಗೆ ಅಪಭ್ರಂಶ ಪ್ರಕರಣವನ್ನು ಇಟ್ಟಿದ್ದಾನೆ. ಹಳಗನ್ನಡದ ಬೋನ ಕೂಡ ಇದೇ ಮನೆತನದ್ದು. ಭೋಜನ ಸವೆದು ಬೋನ. ತೆಲಂಗಾಣದವರು ಆಷಾಢದಲ್ಲಿ ಗಡಿಗೆ ಹೊತ್ತು ದೇವಿಗೆ ಒಯ್ಯುವ ಬೋನಾಲು ಹಬ್ಬದ ಹೆಸರಿನಲ್ಲಿ ಅದು ಇನ್ನೂ ಬಿಸಿಯಾಗಿಯೇ ಇದೆ. ಭುಕ್ತಿ, ಭೋಜನ ಎರಡಕ್ಕೂ ಧಾತು ಒಂದೇ, ಭುಜ್, ಉಣ್ಣು. ಮಠದ ಪ್ರವಚನದಲ್ಲಿ ಭುಕ್ತಿ-ಮುಕ್ತಿ ಎಂದು ದೊಡ್ಡ ದನಿಯಲ್ಲಿ ಕೇಳಿಸುವ ಪದವೇ ಮನೆಗೆ ಬಂದರೆ ಸ್ಟೀಲ್ ಡಬ್ಬಿಯೊಳಗೆ ಕೂತಿರುತ್ತದೆ. ಅಂದರೆ ಹುಟ್ಟಿನಲ್ಲಿ ಈ ಪದಕ್ಕೆ ದಾರಿಯೂ ಇರಲಿಲ್ಲ, ಮೊಸರೂ ಇರಲಿಲ್ಲ. ಬರೀ ಊಟವಿತ್ತು.

ಊಟ ದಾರಿಯ ಊಟವಾಗಿದ್ದು ಸರಿ. ದಾರಿಯ ಊಟ ಮೊಸರನ್ನವೇ ಆಗಬೇಕಾದದ್ದು ಯಾಕೆ? ಉತ್ತರ ನಿಘಂಟಿಗಿಂತ ಹೆಚ್ಚಾಗಿ ಅಡಿಗೆಮನೆಯಲ್ಲಿದೆ ಅಂತ ನನ್ನ ಅನಿಸಿಕೆ.

ನಮ್ಮ ಅವ್ವ ಬುತ್ತಿ ಕಲಿಸುತ್ತಿದ್ದುದು ಹೀಗೆ. ಎಸರು ಹೆಚ್ಚಿಗೆ ಇಟ್ಟು ಅನ್ನ ಮೆತ್ತಗೆ ಮಾಡುವಳು. ಬಿಸಿ ಇರುವಾಗಲೇ ಹುಟ್ಟಿನ ಬೆನ್ನಿನಿಂದ ಅಗಳು ಒಡೆಯುವ ಹಾಗೆ ನುರಿಯುವಳು. ಮೇಲೆ ಕಾಸಿದ ಹಾಲು, ಅನ್ನ ಮುಳುಗಿ ಇನ್ನೂ ನಾಲ್ಕು ಬೆರಳು ಮೇಲೆ ಬರುವಷ್ಟು. ನೋಡಿದವರಿಗೆ ಇದೇನು ಪಾಯಸ ಮಾಡುತ್ತಿದ್ದಾಳೋ ಅನ್ನಿಸಬೇಕು. ಬೆರಳು ತಾಳುವಷ್ಟು ಆರಿದ ಮೇಲೆ ಮೊಸರು. ಅದೂ ಒಂದೇ ಚಮಚೆ! ಆಮೇಲೆ ಉಪ್ಪು, ಸಾಸಿವೆ-ಇಂಗು-ಕರಿಬೇವಿನ ಒಗ್ಗರಣಿ, ಎಣ್ಣೆಯಲ್ಲಿ ಕರಿದು ಮುರಿದು ಹಾಕಿದ ಬಾಳಕದ ಮೆಣಸಿನಕಾಯಿ. ಮುಚ್ಚಿ ಇಟ್ಟರೆ ಆಯಿತು. ಮುಂಜಾನೆ ಕಲಿಸಿದ್ದು ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ, ಸಿಹಿ ಬಿಟ್ಟು ಇನ್ನೂ ಹುಳಿ ಹತ್ತದ ಹದಕ್ಕೆ ಬಂದಿರುತ್ತಿತ್ತು. ಒಟ್ಟಿನಲ್ಲಿ ಆಕೆ ಅನ್ನಕ್ಕೇ ಹೆಪ್ಪು ಹಾಕುತ್ತಿದ್ದಳು. ಪೂರ್ತಿ ಮೊಸರಿನಲ್ಲೇ ಕಲಿಸಿದರೆ ಬಿಸಿಲಿಗೆ ಬುತ್ತಿ ಬಿಚ್ಚುವ ಹೊತ್ತಿಗೆ ಬಾಯಿಗಿಡದಷ್ಟು ಹುಳಿಯಾಗುತ್ತದೆ. ಹಾಲು ಹಾಕಿದರೆ ಅದು ಮೊಸರಾಗುವ ಕೆಲಸ ದಾರಿಯಲ್ಲೇ ನಡೆಯುತ್ತದೆ. ಪ್ರಯಾಣದ ವೇಳೆಯನ್ನೂ ಲೆಕ್ಕಕ್ಕೆ ಹಿಡಿದು ಮಾಡುವ ಅಡಿಗೆ ಇದು, ದಾರಿಯ ಊಟದ ಹೆಸರು ಇದಕ್ಕೇ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

(ಉಳಿದ ಅನ್ನದಲ್ಲಿ ಮಾಡಿದರೆ ಈ ಹದ ಬರುವುದಿಲ್ಲ. ಬಿಸಿ ಹಾಲು ಹಾಕಿ ಅಗಳನ್ನು ಮತ್ತೆ ಮೆತ್ತಗೆ ಮಾಡಿಕೊಳ್ಳಬೇಕು. ನಮ್ಮಾಕೆ ಅದನ್ನು ಸೊಸೆಗೆ ಹೇಳದೆ ಮಲಗಿದ್ದಳು ಎಂಬುದನ್ನು ಇಲ್ಲಿ ನಮೂದಿಸುತ್ತೇನೆ, ಮನೆಯಲ್ಲಿ ಹೇಳಲಾರೆ.)

ಹೆಸರು ಹೀಗೆ ಪೂರ್ತಿಯಿಂದ ಒಂದಕ್ಕೆ ಇಳಿಯುವುದು ನಮ್ಮ ಕಡೆ ಹೊಸದಲ್ಲ. ಹಾವೇರಿ, ರಾಣೆಬೆನ್ನೂರಿನಲ್ಲಿ "ಒಂದ್ ಪ್ಲೇಟ್ ಒಗ್ಗರಣಿ ಕೊಡ್ರಿ" ಅಂದು ನೋಡಿ, ಮಂಡಕ್ಕಿ ಬರುತ್ತದೆ, ಜೊತೆಗೊಂದು ಮಿರ್ಚಿ. ಎಣ್ಣೆಯದು ಇದರ ತಿರುವುಮುರುವು: ಎಳ್ಳಿನ ನೆಯ್ ಆಗಿದ್ದದ್ದು ಈಗ ಶೇಂಗಾದ್ದಕ್ಕೂ ಕುಸುಬಿಯದ್ದಕ್ಕೂ ಆಗುತ್ತದೆ.

ಮೊಸರಿನ ಅರ್ಥ ಎಷ್ಟು ಗಟ್ಟಿ ಅನ್ನುವುದಕ್ಕೆ ಎರಡು ಸಾಕ್ಷಿ ಕೊಡುತ್ತೇನೆ. ಶ್ರಾವಣದಲ್ಲಿ ನಮ್ಮ ಈಶ್ವರ ಗುಡಿಗಳಲ್ಲಿ ಬುತ್ತಿ ಪೂಜೆ ಕಟ್ಟುತ್ತಾರೆ. ಲಿಂಗಕ್ಕೆ ಮೊಸರನ್ನವನ್ನು ಮೆತ್ತಿ, ಕಣ್ಣು, ಮೂಗು, ಮೀಸೆ ತಿದ್ದಿ ಅಲಂಕಾರ ಮಾಡುತ್ತಾರೆ. ಈಶ್ವರ ಯಾವ ಊರಿಗೂ ಹೊರಟವನಲ್ಲ, ಅಲ್ಲಿ ಬುತ್ತಿಗೆ ದಾರಿಯ ಅರ್ಥ ಎಳ್ಳಷ್ಟೂ ಇಲ್ಲ. ಇನ್ನೊಂದು ಮರಾಠಿಯದು. ಗಡಿಯಾಚೆ ಮೊಸರನ್ನಕ್ಕೆ ದಹೀಬುತ್ತಿ ಅನ್ನುತ್ತಾರೆ. ಕಟ್ಟಿಕೊಂಡು ಹೋಗುವ ಊಟಕ್ಕೆ ಅವರಲ್ಲಿ ಶಿದೋರಿ ಎಂಬ ಪದ ಮೊದಲೇ ಇದೆ, ಆ ಜಾಗ ಖಾಲಿ ಇರಲಿಲ್ಲ. ಪದ ನಮ್ಮ ಕಡೆಯಿಂದ ಅತ್ತ ಹೋಗಿದ್ದರೆ, ಮೊಸರಿನ ಅರ್ಥವನ್ನು ಮಾತ್ರ ಹೊತ್ತು ಹೋಗಿದೆ.

ಹಾಗಾದರೆ ಒಂದೇ ಮನೆಯಲ್ಲಿ ಎರಡೂ ಅರ್ಥ ಹೇಗೆ ಬಾಳುವೆ ಮಾಡುತ್ತವೆ? ನಾಲ್ಕು ದಿನ ನಮ್ಮ ಮನೆಯ ಮಾತಿಗೇ ಕಿವಿಗೊಟ್ಟು ಕೂತೆ. ಬೇರ್ಪಡಿಸುವುದು ಕ್ರಿಯಾಪದ. ಬುತ್ತಿ ಕಟ್ಟು, ಬುತ್ತಿ ಬಿಚ್ಚು, ಬುತ್ತಿ ಒಯ್ಯಿ ಅಂದರೆ ಊಟದ ಗಂಟು. ಬುತ್ತಿ ಕಲಿಸು, ಬುತ್ತಿಗೆ ಒಗ್ಗರಣಿ ಕೊಡು, ಬುತ್ತಿ ಹುಳಿಯಾಗೇತಿ ಅಂದರೆ ಮೊಸರನ್ನ. "ಬುತ್ತಿ ಮಾಡು" ಅಂತ ಯಾರೂ ಅನ್ನಲಿಲ್ಲ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಲು, ಹೊಲಕ್ಕೆ ಹೋಗುವಾಗ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ: "ಬುತ್ಯಾಗ ಬುತ್ತಿ ಇಟ್ಟೀಯಿಲ್ಲೋ?" ಮೊದಲನೆಯದು ಗಂಟು, ಎರಡನೆಯದು ಅದರೊಳಗಿನ ಮೊಸರನ್ನ. ಯಾರಿಗೂ ತೊಡಕಾಗಿದ್ದು ನಾನು ಕಂಡಿಲ್ಲ. ಸೊಸೆಗೂ ಅಂದು 'ಕಲಿಸಿ' ಎಂಬುದು ಕಿವಿಗೆ ಬಿದ್ದಿದ್ದರೆ ಕ್ಯಾರಿಯರ್ ತೊಳೆಯುವ ಶ್ರಮ ತಪ್ಪುತ್ತಿತ್ತೇನೋ. ಕೇಳಿದ್ದಕ್ಕೆ, ಸಾರು-ಅನ್ನ ಕಲಸಿ ಕಟ್ಟಬೇಕು ಅಂದುಕೊಂಡಿದ್ದೆ ಅಂದಳು.

ಆದರೂ ಒಂದು ಅನುಮಾನ ಉಳಿದಿತ್ತು. ಮನೆಯಲ್ಲೇ ಉಣ್ಣುವುದಾದರೆ ಅದಕ್ಕೆ ಮೊಸರನ್ನ ಅಂದರೆ ಸಾಲದೆ? ನಮ್ಮಾಕೆಯನ್ನೇ ಕೇಳಿದೆ. ಆಕೆ ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ತಿರುವುತ್ತ, ತಲೆ ಎತ್ತದೆ ಹೇಳಿದಳು: "ತಾಟಿನ್ಯಾಗ ಕಲಿಸ್ಕೊಂಡ್ ಉಂಡ್ರ ಮೊಸರನ್ನ. ಬೋಗುಣ್ಯಾಗ ಕಲಿಸಿ ಇಟ್ರ ಬುತ್ತಿ. ಇಷ್ಟ್ ವರ್ಷ ಏನ್ ಉಂಡೀರಿ ಮತ್ತ?"

ಅಂದರೆ ಆಕೆಯ ಲೆಕ್ಕದಲ್ಲಿ ಬುತ್ತಿಗೆ ದಾರಿ ಬೇಕಾಗಿಲ್ಲ, ಮೊಸರೂ ಮುಖ್ಯವಲ್ಲ. ಈಗ ಕಲಿಸಿ ಆಮೇಲೆ ಉಣ್ಣುವುದು ಮುಖ್ಯ. ಹೊಲಕ್ಕೆ ಒಯ್ದರೂ ಅಷ್ಟೇ, ಸಂಜೆಯವರೆಗೆ ಕಟ್ಟೆಯ ಮೇಲೆ ಮುಚ್ಚಿಟ್ಟರೂ ಅಷ್ಟೇ. ನನಗೆ ಇದು ಸರಿ ಕಾಣುತ್ತದೆ. ಎರಡೂ ಅರ್ಥಗಳನ್ನು ಒಂದೇ ಎಳೆಗೆ ಪೋಣಿಸಲು ಬರುವುದು ಇದರಿಂದಲೇ.

ಈಗ ನಿಮ್ಮಿಂದ ಬೇಕಾದದ್ದು. ರೋಣ, ನರಗುಂದದ ಎರೆಹೊಲದ ಕಡೆ ಜೋಳವೇ ಊಟ, ಅಲ್ಲಿಯ ಹಿರಿಯರ ಬಾಯಲ್ಲಿ ಬರೀ ಬುತ್ತಿ ಅಂದರೆ ರೊಟ್ಟಿಯ ಗಂಟೋ, ಮೊಸರನ್ನವೋ? ಭತ್ತ ಬೆಳೆಯುವ ಹಾನಗಲ್, ಕಲಘಟಗಿಯವರು ಏನನ್ನುತ್ತೀರಿ? ಹುಣಸೆಹುಳಿ ಹಾಕಿ ಕಲಿಸಿಟ್ಟ ಅನ್ನಕ್ಕೆ ಹುಳಿಬುತ್ತಿ ಅನ್ನುವವರು ಯಾರಾದರೂ ಇದ್ದೀರಾ? ಇದ್ದರೆ ನಮ್ಮಾಕೆಯ ವ್ಯಾಖ್ಯೆಗೆ ಬಲ ಬರುತ್ತದೆ, ಮೊಸರು ಇಲ್ಲದೆಯೂ ಬುತ್ತಿ ಆಗುತ್ತದೆ ಅಂತಾಗುತ್ತದೆ. ಉತ್ತರದ ಜೊತೆ ನಿಮ್ಮ ಊರು, ನೀವು ಬಳಸುವ ಕ್ರಿಯಾಪದ ಎರಡನ್ನೂ ಬರೆಯಿರಿ.

ಅಂದಿನ ಕ್ಯಾರಿಯರ್ ಊಟವನ್ನು ರಾತ್ರಿ ನಾವೇ ಮೂವರು ಮಾಳಿಗೆಯ ಮೇಲೆ ಕೂತು ಉಂಡೆವು.