ಎಡ ಮುಂಚಕ್ರದಲ್ಲಿ ಟಕ್ ಟಕ್: ಬಾಲ್ ಜಾಯಿಂಟ್ ಹೋಗಿದೆಯೋ ಇಲ್ಲವೋ ತಿಳಿಯೋದು ಹೇಗೆ?

ತೋಟದ ದಾರಿ:
ನಮಸ್ಕಾರ. 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಓಡಿದೆ. ತೀರ್ಥಹಳ್ಳಿ–ಆಗುಂಬೆ ಕಡೆ ಓಡಾಟ, ಮನೆ ಹತ್ತಿರ ಎರಡು ಕಿ.ಮೀ. ಮಣ್ಣುರಸ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ಎಡ ಮುಂಚಕ್ರದ ಕಡೆ ಟಕ್ ಟಕ್ ಶುರುವಾಯ್ತು. 15–20ರ ವೇಗದಲ್ಲಿ ಸಣ್ಣ ಗುಂಡಿ ಹತ್ತಿಳಿದಾಗ ಚೆನ್ನಾಗಿ ಕೇಳುತ್ತೆ, 60 ದಾಟಿದರೆ ಕೇಳಲ್ಲ. ಗ್ಯಾರೇಜಲ್ಲಿ ಎರಡೂ ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯೋ ಸ್ಟೆಬಿಲೈಸರ್ ಬಾರನ್ನ ಚಕ್ರದ ಕಡೆಗೆ ಜೋಡಿಸೋ ಸಣ್ಣ ಕಂಬಿ) ಬದಲಿಸಿದರು, ಶಬ್ದ ಹಾಗೇ ಇದೆ. ಜಾಕ್ ಹಾಕಿ ಅಲ್ಲಾಡಿಸಿ ನೋಡಿ ಬಾಲ್ ಜಾಯಿಂಟ್ (ಚಕ್ರದ ಒಳಬದಿಯ ಗುಂಡಿನ ಕೀಲು) ಗಟ್ಟಿ ಇದೆ ಅಂದರು. ಈಗ ಶಾಕ್ ಅಬ್ಸಾರ್ಬರ್ ಬದಲಿಸಿ ಅಂತಿದ್ದಾರೆ. ದುಡ್ಡು ಹಾಕೋ ಮೊದಲು ನಾವೇ ಪರೀಕ್ಷೆ ಮಾಡಬಹುದಾ?

ಹಬ್ ನಟ್:
ಮಾಡಬಹುದು ಸರ್. ಮೊದಲು ಒಂದು ವಿಷಯ ಕೇಳಿ ತಿಳ್ಕೊಳ್ಳಿ: ಜಾಕ್ ಎಲ್ಲಿಗೆ ಕೊಟ್ಟು ಎತ್ತಿದ್ರು? ಲೋವರ್ ಆರ್ಮ್ (ಚಕ್ರದ ಕಡೆಯನ್ನ ಗಾಡಿಗೆ ಜೋಡಿಸೋ ಕೆಳಗಿನ ತೋಳು) ಕೆಳಗೆ ಕೊಟ್ಟಿದ್ದರೆ ಆ ಪರೀಕ್ಷೆಯನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಕಾರಣ ಹೇಳ್ತೀನಿ. ನಿಮ್ಮಂಥ ಕಾರಿನ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತೆ, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿರೋ ಜೋಡಣೆ. ಗಾಡಿಯ ಭಾರ ಸ್ಪ್ರಿಂಗಿನಿಂದ ಸ್ಟ್ರಟ್‌ಗೆ, ಅಲ್ಲಿಂದ ಚಕ್ರದ ಬೇರಿಂಗ್ ಹಿಡಿದಿರೋ ಲೋಹದ ಭಾಗವಾದ ನಕಲ್‌ಗೆ, ಚಕ್ರಕ್ಕೆ ಇಳಿಯುತ್ತೆ. ಬಾಲ್ ಜಾಯಿಂಟ್ ಮೇಲೆ ಆ ಭಾರ ಬೀಳಲ್ಲ. ಅದರ ಕೆಲಸ ನಕಲ್‌ನ ಕೆಳತುದಿಯನ್ನ ಆರ್ಮ್‌ಗೆ ಹಿಡಿದಿಡೋದು. ಚಕ್ರ ಮೇಲೆ ಕೆಳಗೆ ಹೋಗಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು, ಆದರೆ ಬ್ರೇಕ್ ಹಿಡಿದಾಗ, ತಿರುವು ತಗೊಂಡಾಗ ಜಾಗ ಬಿಟ್ಟು ಕದಲಬಾರದು. ಅದಕ್ಕೇ ಅಲ್ಲಿ ಗುಂಡು ಇರೋದು. ನಯವಾಗಿ ಪಾಲಿಶ್ ಮಾಡಿದ ಉಕ್ಕಿನ ಗುಂಡು, ಅದರ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ನಡುವೆ ಗ್ರೀಸ್, ಮೇಲೆ ರಬ್ಬರ್ ಬೂಟ್.

ಆರ್ಮ್ ಕೆಳಗೆ ಜಾಕ್ ಕೊಟ್ಟರೆ ಗುಂಡು ಬಟ್ಟಲಿಗೆ ಒತ್ತಿ ಕೂತುಬಿಡುತ್ತೆ. ಸವೆದಿದ್ದರೂ ಗಟ್ಟಿ ಅನ್ಸುತ್ತೆ. ಆದ್ದರಿಂದ ಜಾಕನ್ನ ಗಾಡಿಯ ಬಾಡಿ ಕೆಳಗೆ ಕೊಡಿ, ಚಕ್ರ ನೇತಾಡಲಿ.

ಗಟ್ಟಿ ನೆಲ ನೋಡ್ಕೊಳ್ಳಿ, ಕೆಮ್ಮಣ್ಣಿನ ಅಂಗಳ ಬೇಡ, ಜಾಕ್ ಹೂತುಹೋಗುತ್ತೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಟೈರ್ ನೆಲದಿಂದ ನಾಲ್ಕು ಬೆರಳು ಮೇಲೆ ಬರೋಷ್ಟು ಎತ್ತಿ. ಸ್ಟ್ಯಾಂಡ್ ಇಡದೆ ಕೆಳಗೆ ಕೈಯೂ ಹಾಕಬೇಡಿ. ಈಗ ಟೈರ್ ಅಡಿಗೆ ಹಾರೆ ಕೊಟ್ಟು ಮೆಲ್ಲಗೆ ಮೀಟಿ ಬಿಡಿ. ಇನ್ನೊಬ್ಬರು ಟಾರ್ಚ್ ಹಿಡಿದು ನಕಲ್ ಮತ್ತು ಆರ್ಮ್ ಸೇರೋ ಜಾಗಕ್ಕೆ ಬೆರಳು ಇಟ್ಟು ನೋಡಲಿ. ಒಳ್ಳೆ ಜಾಯಿಂಟಲ್ಲಿ ಎರಡೂ ಒಟ್ಟಿಗೇ ಏಳುತ್ತೆ. ಸವೆದಿದ್ದರೆ ಮೊದಲು ನಕಲ್ ಒಬ್ಬನೇ ಏಳ್ತದೆ, ಆಮೇಲೆ ಆರ್ಮ್. ಆ ನಡುವಿನ ‘ಟಿಕ್’ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ.

ಆಮೇಲೆ ಚಕ್ರವನ್ನ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲದ ಅಲ್ಲಾಟ) ಕಂಡರೆ ಒಬ್ಬರು ಬ್ರೇಕ್ ಒತ್ತಲಿ. ಒತ್ತಿದಾಗ ಪ್ಲೇ ಹೋದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟನ್ನೋ ಸ್ಟ್ರಟ್ ಕಡೆಯನ್ನೋ ನೋಡಬೇಕು. 3 ಮತ್ತು 9ರಲ್ಲಿ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಬರೋ ಕಂಬಿಯ ತುದಿಯ ಕೀಲು) ಅಥವಾ ಸ್ಟೀರಿಂಗ್ ರ್‍ಯಾಕ್.

ಬಾಳೆಬರೆ:
ಒಂದು ಸೇರಿಸ್ತೀನಿ, ಬೇರೆ ಗಾಡಿಯವರು ಓದಿ ತಪ್ಪು ಮಾಡಬಾರದು. ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೇ ಕೂತಿರೋ ಗಾಡಿಗಳಲ್ಲಿ ಇದು ಉಲ್ಟಾ. ಅಲ್ಲಿ ಭಾರ ಹೊರೋದು ಕೆಳಗಿನ ಬಾಲ್ ಜಾಯಿಂಟೇ. ಬಾಡಿ ಎತ್ತಿದರೆ ಸ್ಪ್ರಿಂಗ್ ಒತ್ತಡಕ್ಕೆ ಅದು ಬಿಗಿಯಾಗೇ ಇರುತ್ತೆ. ಅಂಥದಕ್ಕೆ ಆರ್ಮ್ ಕೆಳಗೇ, ಜಾಯಿಂಟ್‌ಗೆ ಆದಷ್ಟು ಹತ್ತಿರ ಜಾಕ್ ಕೊಡಬೇಕು.

ಪ್ರಶ್ನೆ ಕೇಳಿದವರಿಗೆ: ಶಾಕ್ ಅಬ್ಸಾರ್ಬರ್‌ಗೆ ಒಪ್ಪೋ ಮೊದಲು ಸ್ಟ್ರಟ್ ಮೌಂಟನ್ನೂ (ಸ್ಟ್ರಟ್ ಮೇಲ್ತುದಿ ಗಾಡಿಗೆ ಸೇರೋ ಭಾಗ) ನೋಡಿ. ಚಕ್ರ ನೆಲದ ಮೇಲಿರಲಿ, ಒಬ್ಬರು ಸ್ಟೀರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗ್ ಮೇಲೆ ಅಂಗೈ ಇಡಿ, ಸುತ್ತುಗಳ ನಡುವೆ ಬೆರಳು ತೂರಿಸಬೇಡಿ. ಸ್ಪ್ರಿಂಗ್ ತಡೆದು ತಡೆದು ಹಾರಿದಂತೆ ತಿರುಗಿದರೆ ಮೇಲಿನ ಬೇರಿಂಗ್ ಹಿಡಿದಿದೆ. ಇನ್ನೊಂದು, ಖಾಲಿ ಜಾಗದಲ್ಲಿ ರಿವರ್ಸ್ ಹೋಗಿ ಬ್ರೇಕ್, ಮುಂದೆ ಬಂದು ಬ್ರೇಕ್. ಪ್ರತಿ ಸಲ ಒಂದೊಂದೇ ‘ಟಕ್’ ಬಂದರೆ ಬಾಲ್ ಜಾಯಿಂಟ್ ಅಥವಾ ಆರ್ಮ್ ಬುಷ್ (ಆರ್ಮ್ ಗಾಡಿಗೆ ಸೇರೋ ಕಡೆಯ ರಬ್ಬರ್ ಬಳೆ) ಕಡೆ ಅನುಮಾನ ಜಾಸ್ತಿ.

ತೋಟದ ದಾರಿ:
ಸರ್, ಕೇಳಿದೆ, ಅವರು ಆರ್ಮ್‌ಗೇ ಜಾಕ್ ಕೊಟ್ಟಿದ್ದರು. ನೀವು ಹೇಳಿದ ಹಾಗೆ ಮಾಡಿದೆ. ಎಡಗಡೆ ಸ್ಪಷ್ಟವಾಗಿ ಪ್ಲೇ ಇದೆ, ಹತ್ತಿರ ಹತ್ತಿರ 2 ಮಿ.ಮೀ. ಬ್ರೇಕ್ ಒತ್ತಿದರೂ ಹೋಗಲ್ಲ. ಬೂಟ್ ಹಿಂಭಾಗದಲ್ಲಿ ಸೀಳಿದೆ, ಒತ್ತಿದರೆ ತುಕ್ಕಿನ ಬಣ್ಣದ ನೀರು ಬಂತು. ಬಲಗಡೆ ಗಟ್ಟಿ, ಬೂಟ್ ಒಣಗಿದೆ. ಸಿರಿಂಜಲ್ಲಿ ಗ್ರೀಸ್ ತುಂಬಿಸಿದರೆ ಸಾಕು ಅಂತ ಒಬ್ಬರು ಹೇಳಿದ್ರು. ವಾರದಲ್ಲಿ ಘಾಟಿ ಇಳಿದು ಉಡುಪಿಗೆ ಹೋಗೋದಿದೆ.

ಹಬ್ ನಟ್:
ಆ ಗಾಡಿಯಲ್ಲಿ ಆಗುಂಬೆ ಘಾಟಿ ಇಳೀಬೇಡಿ ಸರ್. ದಯವಿಟ್ಟು. ಹದಿನಾಲ್ಕು ಹೇರ್‌ಪಿನ್ ತಿರುವು, ಪ್ರತಿಯೊಂದರಲ್ಲೂ ಬ್ರೇಕ್ ಮತ್ತು ಸ್ಟೀರಿಂಗ್ ಒಟ್ಟಿಗೆ. ಆ ಜಾಯಿಂಟನ್ನ ಎಳೆಯೋ ಬಲ ಹೆಚ್ಚು ಬರೋದು ಅಲ್ಲೇ. ಗುಂಡು ಬಟ್ಟಲಿಂದ ಕಿತ್ತು ಬಂದರೆ ಚಕ್ರದ ಕೆಳಭಾಗ ಹೊರಗೆ ಹೋಗುತ್ತೆ, ಡ್ರೈವ್ ಶಾಫ್ಟ್ (ಎಂಜಿನ್ ಶಕ್ತಿಯನ್ನ ಚಕ್ರಕ್ಕೆ ಒಯ್ಯೋ ದಂಡ) ಕಳಚಿಕೊಳ್ಳಬಹುದು, ಬ್ರೇಕ್ ಹೋಸ್ ಹರಿಯಬಹುದು, ಸ್ಟೀರಿಂಗ್ ತಿರುಗಿಸಿ ಪ್ರಯೋಜನ ಇರಲ್ಲ.

ಗ್ರೀಸಿನಿಂದ ಸರಿಹೋಗಲ್ಲ. ಬೂಟ್ ಸೀಳಿದ ಕೂಡಲೇ ಕೆಸರುನೀರು ಒಳಗೆ ಹೋಗುತ್ತೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳು ಗ್ರೀಸ್ ಜೊತೆ ಸೇರಿದರೆ ವಾಲ್ವ್ ಉಜ್ಜೋ ಪೇಸ್ಟ್ ಆದಂಗೆ. ಗುಂಡಿನ ನಯ ಹೋಗುತ್ತೆ, ತುಕ್ಕು ಹಿಡಿಯುತ್ತೆ, ಒರಟಾದ ಗುಂಡು ಪ್ಲಾಸ್ಟಿಕ್ ಬಟ್ಟಲನ್ನ ಕೆರೆದು ತಿನ್ನುತ್ತೆ. ಹೊಸ ಗ್ರೀಸ್ ಶಬ್ದವನ್ನ ನಾಲ್ಕು ದಿನ ಮುಚ್ಚುತ್ತೆ, ಹೋದ 2 ಮಿ.ಮೀ. ವಾಪಸ್ ಬರಲ್ಲ. ಬಲಗಡೆಯದು ಮಾತ್ರ ಬೇರೆ ಮಾತು: ಬೂಟ್ ಇನ್ನೂ ಹರಿದಿಲ್ಲ, ಜಾಯಿಂಟ್ ಗಟ್ಟಿ ಇದೆ, ಬೂಟ್ ಅಷ್ಟೇ ಬದಲಿಸಿದರೂ ನಡೆಯುತ್ತೆ.

ಬಾಳೆಬರೆ:
ಎಡಕ್ಕೆ ಪೂರ್ತಿ ಆರ್ಮ್ ಹಾಕಿ. ಜಾಯಿಂಟ್ ಮಾತ್ರ ಸಿಕ್ಕಿದರೂ 82,000ಕ್ಕೆ ಆರ್ಮ್ ಹಿಂದಿನ ಬುಷ್ ಸೀಳಿರೋ ಸಾಧ್ಯತೆ ಇದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಕೇಳುವಾಗ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿ.

ಬಿಚ್ಚೋದಕ್ಕೆ ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡಿ. ಮೊದಲು ಲಿಂಕ್ ರಾಡ್ ಬಿಚ್ಚಿ, ಇಲ್ಲದಿದ್ದರೆ ಸ್ಟೆಬಿಲೈಸರ್ ಬಾರ್ ಅಡ್ಡ ಬರುತ್ತೆ. ನಿಮ್ಮದರಲ್ಲಿ ಪಿಂಚ್ ಬೋಲ್ಟ್ (ಬಾಲ್ ಜಾಯಿಂಟಿನ ದಂಡವಾದ ಸ್ಟಡ್ಡನ್ನ ನಕಲ್ ಒಳಗೆ ಬಿಗಿದಿಡೋ ಬೋಲ್ಟ್) ಇದ್ದರೆ ಅದನ್ನ ಪೂರ್ತಿ ಹೊರಗೆ ತೆಗೀಬೇಕು, ಬರೀ ಸಡಿಲ ಮಾಡಿದರೆ ಸಾಲಲ್ಲ. ಬೋಲ್ಟ್ ಹಾಯೋದು ಸ್ಟಡ್‌ನ ಕುತ್ತಿಗೆಯ ಕಚ್ಚಿನಲ್ಲೇ, ಅದೇ ಸ್ಟಡ್ಡನ್ನ ಹಿಡಿದಿಡೋದು. ನಕಲ್‌ನ ಸೀಳಿಗೆ ಉಳಿ ಇಟ್ಟು ಸ್ವಲ್ಪ ಅಗಲಿಸಿ, ಆರ್ಮನ್ನ ಕೆಳಗೆ ಮೀಟಿ. ಕ್ಯಾಸಲ್ ನಟ್ (ತಲೆಯಲ್ಲಿ ಕಚ್ಚುಗಳಿರೋ ನಟ್) ಇದ್ದರೆ ಟೇಪರ್ ಸ್ಟಡ್, ಅಂದರೆ ತುದಿಯ ಕಡೆ ಸಣ್ಣಗಾಗೋದು, ಅದಕ್ಕೆ ಎಳೆದು ಬಿಡಿಸೋ ಪುಲ್ಲರ್ ಬೇಕು. ಸ್ಟಡ್ ತಲೆಗೆ ಸುತ್ತಿಗೆಯಲ್ಲಿ ಹೊಡೀಬೇಡಿ. ಎರಡರಲ್ಲೂ ಚಕ್ರ ಕೂರೋ ಹಬ್ ಭಾಗವನ್ನ ಹೊರಗೆ ಎಳೀಬೇಡಿ, ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚುತ್ತೆ.

ಕೂರಿಸುವಾಗ ಪಿಂಚ್ ಬೋಲ್ಟ್ ಕೈಯಲ್ಲೇ ಹಾಯಬೇಕು. ಹಾಯದಿದ್ದರೆ ಸ್ಟಡ್ ಪೂರ್ತಿ ಕೂತಿಲ್ಲ ಅಂತ, ಬಡಿದು ತುರುಕಬೇಡಿ. ಕ್ಯಾಸಲ್ ನಟ್‌ನಲ್ಲಿ ಸ್ಪ್ಲಿಟ್ ಪಿನ್ ತೂರೋ ತೂತು ಸಾಲಿಗೆ ಬರದಿದ್ದರೆ ಇನ್ನಷ್ಟು ಬಿಗಿ ಮಾಡಿ ಸಾಲಿಗೆ ತನ್ನಿ, ಸಡಿಲ ಮಾಡಿ ಅಲ್ಲ. ಸ್ಪ್ಲಿಟ್ ಪಿನ್, ಲಾಕ್ ನಟ್ ಹೊಸದೇ ಇರಲಿ. ಟಾರ್ಕ್ (ಬಿಗಿಯೋ ಬಲ) ಸರ್ವಿಸ್ ಮ್ಯಾನುಯಲ್‌ನಲ್ಲಿ ಎಷ್ಟಿದೆಯೋ ಅಷ್ಟು.

ಗ್ಯಾರೇಜುಗಳಲ್ಲಿ ತಪ್ಪಿಹೋಗೋದು ಆರ್ಮ್ ಬುಷ್‌ನ ಬೋಲ್ಟ್. ಚಕ್ರ ನೇತಾಡ್ತಿರುವಾಗಲೇ ಬಿಗಿ ಮಾಡಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತೆ, ಬೇಗ ಸೀಳುತ್ತೆ. ಗಾಡಿ ನೆಲಕ್ಕೆ ಇಳಿಸಿ, ಬಾನೆಟ್ ಹಿಡಿದು ಎರಡು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಬಿಗಿ. ಅದಾದ ಮೇಲೆ ವೀಲ್ ಅಲೈನ್‌ಮೆಂಟ್.

ತೋಟದ ದಾರಿ:
ತುಂಬಾ ಉಪಕಾರ ಆಯ್ತು. ಉಡುಪಿಗೆ ಬಸ್ಸಲ್ಲೇ ಹೋಗ್ತೀವಿ. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಭಾಗಕ್ಕೆಲ್ಲ ಹಳೇ ಆಯಿಲ್ ಸ್ಪ್ರೇ ಮಾಡಿಸ್ತಿದ್ವಿ, ಬೂಟ್ ಹೋಗಿದ್ದು ಅದಕ್ಕಾ?

ಹಬ್ ನಟ್:
ಬೂಟ್ ರಬ್ಬರ್ ಆಯಿಲ್ ತಡೆಯೋ ಬಗೆಯದು, ಸೀಳೋಕೆ ವಯಸ್ಸು, ಕಲ್ಲೇಟು ಕಾರಣ ಆಗಿರೋದೇ ಹೆಚ್ಚು. ಆದರೆ ಆರ್ಮ್ ಬುಷ್, ಸ್ಟೆಬಿಲೈಸರ್ ಬುಷ್‌ಗಳಿಗೆ ಆಯಿಲ್ ಆಗಿಬರಲ್ಲ, ಊದಿ ಮೆತ್ತಗಾಗುತ್ತೆ. ತುಕ್ಕಿಗೆ ಆಯಿಲ್ ಬದಲು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ರಬ್ಬರ್ ಇರೋ ಕಡೆ ಪೇಪರ್ ಸುತ್ತಿಸಿ. ವಾಟರ್ ಸರ್ವಿಸಲ್ಲಿ ಗನ್ನನ್ನ ಬೂಟ್‌ಗೆ ನೇರ ಹಿಡಿಯೋಕೆ ಬಿಡಬೇಡಿ. ಪ್ರತಿ ಸಲ ಟೈರ್ ಬಿಚ್ಚಿದಾಗ ಬೂಟನ್ನ ಬೆರಳಲ್ಲಿ ಒತ್ತಿ, ಸುತ್ತ ಒರೆಸಿ ನೋಡಿ. ಒಳಗೆ ನೀರು ಹೋಗೋ ಮುಂಚೆ ಸಿಕ್ಕಿದರೆ ಬೂಟಿನ ಖರ್ಚಲ್ಲೇ ಮುಗಿಯುತ್ತೆ.