ಅಪ್‌ಡೇಟ್: ಬಿ.ಕಾಂ ಆದ್ಮೇಲೆ ಎಂ.ಕಾಂ ಬಿಟ್ಟು ಸಿಎಗೆ ಸೇರಿದ್ದೇನೆ

ಹಿಂದೆ ಕೇಳಿದ್ದೆ: ಬಿ.ಕಾಂ ಮುಗಿದಿದೆ, ಅಪ್ಪ ಎಂ.ಕಾಂ ಮಾಡಿ ಲೆಕ್ಚರರ್ ಆಗು ಅಂತಾರೆ, ನನಗೆ ಸಿಎ ಆಸೆ, ಏನ್ ಮಾಡ್ಲಿ? ಬಿ.ಕಾಂನಲ್ಲಿ ಶೇ. 55 ಇದ್ದರೆ ಸಿಎಯ ಮೊದಲ ಹಂತ ಫೌಂಡೇಶನ್ ಬೇಡ, ನೇರ ಎರಡನೇ ಹಂತ ಇಂಟರ್‌ಗೆ ಹೋಗು ಅಂತ ಹಲವರು ಹೇಳಿದ್ರಿ. ಹಾಗೇ ಮಾಡಿದೆ. ಇಂಟರ್‌ನ ಎರಡೂ ಗ್ರೂಪ್ (ಒಂದೊಂದರಲ್ಲಿ ಮೂರು ಪೇಪರ್) ಪಾಸಾಗಿದೆ!

ಪ್ರತಿ ಪೇಪರ್‌ನಲ್ಲೂ 40 ಬಂದರೆ ಸಾಕು ಅಂದ್ಕೊಂಡು ಓದಬೇಡಿ. ಒಂದು ಗ್ರೂಪ್‌ನ ಮೂರು ಪೇಪರ್ ಸೇರಿ 300ಕ್ಕೆ 150 ಆಗಲೇಬೇಕು.

ಈಗ ದಾವಣಗೆರೆಯಲ್ಲೇ ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯೋ ತರಬೇತಿ. ಹೊಸ ನಿಯಮದಲ್ಲಿ ಮೂರಲ್ಲ, ಎರಡು ವರ್ಷ. ಸ್ಟೈಪೆಂಡ್ ಬಗ್ಗೆ ಮಾತು ಬೇಡ ಬಿಡಿ. ಕೆಲಸ ಮಾತ್ರ ಮಜವಾಗಿದೆ. ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ಮಾಡಿಕೊಡೋ ಪಟ್ಟಿ) ಜೊತೆ ತಾಳೆ ನೋಡ್ತಿದ್ದೆ. ಪೈಪ್ ಬಿಲ್ ಕೈಯಲ್ಲಿದೆ, ದುಡ್ಡೂ ಕೊಟ್ಟಾಗಿದೆ, 2ಬಿಯಲ್ಲಿ ಮಾತ್ರ ಇಲ್ಲ. ಮಾರಿದವರು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕಿರಲಿಲ್ಲ. ಅವರು ಹಾಕೋವರೆಗೂ ನಮ್ಮ ಅಂಗಡಿಯವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗಲ್ಲ, ಅಂದ್ರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟೋ ತೆರಿಗೆಯಲ್ಲಿ ಕಳೆಯೋಕಾಗಲ್ಲ. ಬಿ.ಕಾಂನಲ್ಲಿ ಇದನ್ನು ಬರೀ ವ್ಯಾಖ್ಯೆಯಾಗಿ ಬಾಯಿಪಾಠ ಮಾಡಿದ್ದೆ. ಇಲ್ಲಿ ಮಾಲೀಕರು ಎದುರಿಗೇ ಕೂತು ಬೈತಾರೆ, ಅದೂ ನನಗೆ!

ಅಪ್ಪನ ಲೆಕ್ಚರರ್ ಆಸೆಗೂ ದಾರಿ ಇದೆ. ಎನ್‌ಇಟಿ (ಕಾಲೇಜು ಲೆಕ್ಚರರ್ ಹುದ್ದೆಯ ಅರ್ಹತಾ ಪರೀಕ್ಷೆ) ಬರೆಯೋಕೆ ಸಿಎಯನ್ನು ಸ್ನಾತಕೋತ್ತರ ಪದವಿಗೆ ಸಮ ಅಂತ ಯುಜಿಸಿ 2021ರಲ್ಲೇ ಒಪ್ಪಿದೆ. ಇದನ್ನು ತೋರಿಸಿದ ಮೇಲೆ ಅವರು ಸುಮ್ಮನಾದರು.

ಜೊತೆಗೇ ದೂರಶಿಕ್ಷಣದ ಎಂ.ಕಾಂ ಮಾಡಬಹುದಾ ಅಂತ ಒಬ್ಬರು ಕೇಳಿದ್ರಿ ಅಲ್ವಾ? ಮಾಡಬಹುದು, ಆದ್ರೆ ಸಿಎ ಸಂಸ್ಥೆಗೆ (ಐಸಿಎಐ) ಫಾರ್ಮ್ 112 ಕೊಟ್ಟು ಅನುಮತಿ ತಗೋಬೇಕು. ನಾನಂತೂ ಸಿಎಯ ಕೊನೆಯ ಹಂತ ಫೈನಲ್ ಮುಗಿಯೋವರೆಗೆ ಆ ಕಡೆ ಹೋಗಲ್ಲ.